ಕೊಂಡದ್ದೋ, ಕೊಟ್ಟದ್ದೋ?



ಶಾಲೆ ತೆರೆಯುವ ಕಾಲಕ್ಕೆ ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಅಂಗಡಿಗಳಲ್ಲಿ ಕೊಡೆ, ರೇನ್‌ಕೋಟು, ನೋಟ್‌ಬುಕ್ಕುಗಳದ್ದೇ ವ್ಯಾಪಾರ. 2003ರಲ್ಲಿ ಐ.ಟಿ.ಸಿ. ಸಂಸ್ಥೆ 'ಕ್ಲಾಸ್‌ಮೇಟ್' ನೋಟ್‌ಬುಕ್ಕನ್ನು ತಂದಾಗ, ನಾಲ್ಕು ಪುಸ್ತಕ ಮಾರಾಟವಾದರೆ 1 ರೂಪಾಯಿ ಗ್ರಾಮೀಣಾಭಿವೃದ್ಧಿಗೆ ಎಂದು ಸಾರಿತು. 2005ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆ 'ಶಿಕ್ಷಾ' ಯೋಜನೆಯನ್ನು ಆರಂಭಿಸಿ, ತನ್ನ ಸೋಪಿನ ಪುಡಿ ಮುಂತಾದವುಗಳ ಮಾರಾಟದ ಒಂದು ಪಾಲು ಬಡಮಕ್ಕಳ ವಿದ್ಯೆಗೆ ಎಂದಿತು. ಅಂದಿನಿಂದ ಇಂಥ ಪ್ರಕಟಣೆಗಳು ಹೆಚ್ಚುತ್ತಲೇ ಬಂದಿವೆ. ಹಾಗಾದರೆ ಕೊಂಡ ನಾವೂ ದಾನ ಮಾಡಿದಂತಾಯಿತೇ?

ಲೆಕ್ಕ ನೋಡೋಣ. ಇಬ್ಬರು ಮಕ್ಕಳಿಗೆ ತಲಾ ಹನ್ನೆರಡು ಪುಸ್ತಕ, ಒಟ್ಟು 24. ಕಂಪನಿ ಕೊಡುವುದು 6 ರೂಪಾಯಿ. ನೀವು ಬೆಲೆ ಕೊಟ್ಟಿರಿ, ಪುಸ್ತಕ ಪಡೆದಿರಿ. ವ್ಯವಹಾರ ಅಲ್ಲಿಗೆ ಮುಗಿಯಿತು. ಇದು ವಿನಿಮಯದ ನ್ಯಾಯ. ದಾನವಾದರೋ ಕರುಣೆಯ ಮೂಲಕ ಹೊರಹೊಮ್ಮುವ ಪ್ರೀತಿಯ ಕ್ರಿಯೆ ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸುತ್ತಾರೆ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆಗೆ ಪ್ರತಿಯಾಗಿ ಕೈಗೆ ಏನೂ ಬರಲಿಲ್ಲ. ಅವಳ ಜೀವನಾಧಾರವೇ ಖಾಲಿಯಾಯಿತು. ನಮಗೆ ಇಲ್ಲಿ ಏನು ಖಾಲಿಯಾಯಿತು?

ಇದೆಲ್ಲ ಬರೀ ಜಾಹೀರಾತು ಎಂದು ತಳ್ಳಿಹಾಕುವವರೂ ಇದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಕೆಲವರು ಅಸೂಯೆಯಿಂದ, ಪೈಪೋಟಿಯಿಂದ ಕ್ರಿಸ್ತರನ್ನು ಸಾರುತ್ತಿದ್ದಾರೆಂದು ಸೆರೆಮನೆಯಲ್ಲಿದ್ದ ಸಂತ ಪೌಲರಿಗೆ ತಿಳಿದಾಗ, ಉದ್ದೇಶ ಏನೇ ಇರಲಿ, ಕ್ರಿಸ್ತರು ಪ್ರಕಟವಾಗುತ್ತಿದ್ದಾರಲ್ಲ ಎಂದು ಅವರು ಸಂತೋಷಪಟ್ಟರು (ಫಿಲಿಪ್ಪಿ 1:15-18). ನಮ್ಮ ಕೊಡಗಿನ ಚರಿತ್ರೆಯನ್ನೇ ನೋಡಿ. ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕಥೋಲಿಕರಿಗೆ ದೊಡ್ಡವೀರರಾಜೇಂದ್ರ ಅರಸರು ವಿರಾಜಪೇಟೆಯಲ್ಲಿ ನೆಲೆ ಕೊಟ್ಟರು. 1792ರಲ್ಲಿ ಅಲ್ಲಿ ಸಂತ ಅನ್ನಮ್ಮನವರ ದೇವಾಲಯದ ಧರ್ಮಸಭೆ ಮೊದಲಾಯಿತು. ಹೊಸದಾಗಿ ಕಟ್ಟಿದ ಪೇಟೆಗೆ ಅರಸರಿಗೂ ಜನ ಬೇಕಿದ್ದಿರಬಹುದು. ಅದರಿಂದ ನಮ್ಮ ಹಿರಿಯರಿಗೆ ಸಿಕ್ಕ ಆಸರೆ ಸುಳ್ಳಾಗಲಿಲ್ಲ. ಜಗದ್ಗುರು ಹದಿನಾರನೇ ಬೆನೆಡಿಕ್ಟರು ಸಹ 2009ರ 'ಕಾರಿತಾಸ್ ಇನ್ ವೆರಿತಾತೆ' ವಿಶ್ವಪತ್ರದಲ್ಲಿ, ಲಾಭವನ್ನು ಸಮಾಜಹಿತದ ಸಾಧನವಾಗಿ ಬಳಸುವ ಉದ್ಯಮಗಳನ್ನು ಮೆಚ್ಚಿಯೇ ಮಾತನಾಡಿದ್ದಾರೆ.

ಆದರೆ ಅದೇ ಪತ್ರದಲ್ಲಿ ಕೊಳ್ಳುವವನಿಗೂ ನೈತಿಕ ಹೊಣೆಯಿದೆ ಎಂದಿದ್ದಾರೆ. ನೋಟ್‌ಬುಕ್ಕು ಮಾರುವ ಐ.ಟಿ.ಸಿ. 1910ರಲ್ಲಿ ಇಂಪೀರಿಯಲ್ ಟೊಬ್ಯಾಕೊ ಎಂಬ ಹೆಸರಿನಲ್ಲಿ ಹುಟ್ಟಿದ್ದು; ಇಂದಿಗೂ ಸಿಗರೇಟು ಮಾಡುತ್ತದೆ. ನಮ್ಮ ಗಡಿಯಾಚೆ ಪಿರಿಯಾಪಟ್ಟಣ, ಹುಣಸೂರಿನಲ್ಲಿ ಹೊಗೆಸೊಪ್ಪು ಬೆಳೆಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಮಾತು: 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕೆಂದು ಕಾನೂನೇ ಇದೆ.

ನನ್ನನ್ನು ಹೆಚ್ಚು ಕಾಡುವುದು ಕಂಪನಿಗಳಲ್ಲ, ನಮ್ಮ ಮನೆಗಳು. ನಮ್ಮಲ್ಲಿ ಕಾಫಿ ತೋಟದ ಒಡೆಯರಿದ್ದಾರೆ, ಲೈನ್‌ಮನೆಯಲ್ಲಿರುವ ಕೂಲಿಕಾರರೂ ಇದ್ದಾರೆ. ಇಬ್ಬರೂ ಒಂದೇ ಬಲಿಪೂಜೆಗೆ ಬರುತ್ತಾರೆ. ಪೊಟ್ಟಣದ ಹಿಂದಿನ ಬರಹ ಓದಿ ತೃಪ್ತರಾಗುವ ನಾವು, ಹಣ್ಣು ಕುಯ್ದವರ ಬಟವಾಡೆಯನ್ನು ಮುಂದಿನ ವಾರಕ್ಕೆ ತಳ್ಳುವುದುಂಟು. ತಡೆಹಿಡಿದ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎಂದು ಸಂತ ಯಕೋಬರು ಎಚ್ಚರಿಸಿದ್ದು ಹೊಲದ ಒಡೆಯರನ್ನೇ (5:4). ಮೊದಲು ಆ ಬಾಕಿ ತೀರಲಿ. ಅದು ದಾನವಲ್ಲ, ಸಾಲ.

ಆಮೇಲೆ, ಮಕ್ಕಳಿಗೆ ಪುಸ್ತಕ ಕೊಳ್ಳುವಾಗ ಇನ್ನೊಂದು ಮಗುವಿಗೂ ಒಂದು ಕಟ್ಟು ಕೊಳ್ಳಿರಿ, ನಿಮ್ಮ ಖರ್ಚಿನಲ್ಲೇ. ಯಾವ ಮನೆಗೆ ಬೇಕಿದೆ ಎಂಬುದು ನಿಮ್ಮ ಧರ್ಮಕೇಂದ್ರದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರಿಗೆ ಗೊತ್ತಿರುತ್ತದೆ. ಈ ಭಾನುವಾರ ಪೂಜೆ ಮುಗಿದ ಮೇಲೆ ಅವರನ್ನು ಕೇಳಿ ನೋಡಿ.