ಚಿಲಕದ ಹಿಂದಿನ ಅಮಾನತ್ತು

ಪ್ರವಾದಿ ಮುಹಮ್ಮದ್(ಸ)ರ ಕಾಲದ ಮದೀನಾದಲ್ಲಿ ಬುದ್ಧಿ ಸ್ಥಿಮಿತದಲ್ಲಿಲ್ಲದ ಒಬ್ಬ ಮಹಿಳೆಯಿದ್ದಳು. ಅವಳು ಪ್ರವಾದಿವರ್ಯರ(ಸ) ಬಳಿಗೆ ಬಂದು, ತನಗೆ ತಮ್ಮಿಂದ ಒಂದು ಕೆಲಸವಾಗಬೇಕಿದೆ ಎಂದಳು. ಪ್ರವಾದಿ(ಸ) ಅವಳನ್ನು ಇಂಥವರ ತಾಯಿಯೇ ಎಂದು ಗೌರವದಿಂದಲೇ ಕರೆದರು. ಯಾವ ಬೀದಿಯಲ್ಲಿ ಮಾತಾಡಬೇಕೆಂಬುದನ್ನು ಆರಿಸುವ ಆಯ್ಕೆಯನ್ನು ಅವಳಿಗೇ ಬಿಟ್ಟರು. ಅವಳ ಅಗತ್ಯ ಪೂರೈಸುವವರೆಗೆ ದಾರಿಯ ಬದಿಯಲ್ಲಿ ಅವಳೊಂದಿಗೆ ನಿಂತರು. ಅನಸ್(ರ)ರಿಂದ ವರದಿಯಾದ ಈ ಘಟನೆಯನ್ನು ಇಮಾಮ್ ಮುಸ್ಲಿಮ್ ತಮ್ಮ ಸಂಗ್ರಹದಲ್ಲಿ ದಾಖಲಿಸಿದ್ದಾರೆ.

ಪ್ರವಾದಿ(ಸ)ಯವರು ಅವಳಿಗೆ ದಾನ ಕೊಟ್ಟು ಕಳುಹಿಸಲಿಲ್ಲ, ಮನೆಯವರನ್ನು ಕರೆಸಿ ಒಪ್ಪಿಸಲಿಲ್ಲ. ಅವಳಿಗೂ ಒಂದು ಇಷ್ಟವಿದೆ ಎಂಬುದನ್ನು ಮೊದಲು ಒಪ್ಪಿಕೊಂಡರು. ಇಂದು ನಮ್ಮ ಎಷ್ಟು ಮನೆಗಳಲ್ಲಿ ದುರ್ಬಲರಿಗೆ ಇಷ್ಟು ಸಿಗುತ್ತಿದೆ?

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯಲ್ಲಿ ಕಡಕೊಳ ಸಿಗುತ್ತದೆ. ಹೊಲಗಳ ನಡುವಿನ ಹಳ್ಳಿಯಾಗಿದ್ದ ಊರಿಗೆ ಇಂದು ಕೈಗಾರಿಕಾ ಪ್ರದೇಶದ ಹೆಸರಿದೆ. ಅಂತಹ ಊರಿನ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಮಗ ಬೆಳಗಿನ ಪಾಳಿಗೆ ಹೋಗಿದ್ದಾನೆ, ಸೊಸೆಯೂ ಕೆಲಸಕ್ಕೆ ಹೊರಟಿದ್ದಾಳೆ, ಮಕ್ಕಳು ಶಾಲೆಯಲ್ಲಿದ್ದಾರೆ. ಹಿಂದಿನ ಕೋಣೆಯಲ್ಲಿ ಎಂಭತ್ತು ದಾಟಿದ, ನೆನಪು ಮಾಸಿದ ಅಬ್ಬಾ. ಬಾಗಿಲಿಗೆ ಹೊರಗಿನಿಂದ ಚಿಲಕ. ಕೇಳಿದರೆ ಮಗ ಹೇಳುತ್ತಾನೆ: “ಏನು ಮಾಡೋದು ಹಜ್ರತ್, ಬಾಗಿಲು ತೆಗೆದಿಟ್ಟರೆ ಹೆದ್ದಾರಿಗೆ ಹೋಗಿಬಿಡ್ತಾರೆ.” ಅವನ ಮಾತು ಸುಳ್ಳಲ್ಲ. ಆದರೆ ಹಾಸಿಗೆ ಒದ್ದೆಯಾಗುತ್ತದೆಂದು ಸಂಜೆಯ ನಂತರ ಅಬ್ಬಾನಿಗೆ ನೀರು ಕೊಡುವುದನ್ನು ನಿಲ್ಲಿಸಲಾಗಿದೆ. ಸಂಧ್ಯಾ ಸುರಕ್ಷಾದ ಹಣ ಬರುವ ಪಾಸ್‌ಬುಕ್ಕು ಮಗನ ಬೀರುವಿನಲ್ಲಿದೆ. ಮನೆಯ ಪತ್ರಕ್ಕೆ ಹೆಬ್ಬೆಟ್ಟು ಯಾವಾಗ ಒತ್ತಿದ್ದೆಂಬುದು ಅವರಿಗೆ ನೆನಪಿಲ್ಲ. ಯಾರೂ ಕೈ ಎತ್ತಿಲ್ಲ, ಯಾರೂ ಬೈದಿಲ್ಲ. ನೆರೆಹೊರೆಯವರ ಕಣ್ಣಿನಲ್ಲಿ ಇದು ಒಳ್ಳೆಯ ಮನೆ.

ದೌರ್ಜನ್ಯವೆಂದರೆ ಹೊಡೆತ ಎಂದಷ್ಟೇ ನಾವು ತಿಳಿದಿದ್ದೇವೆ. ಪವಿತ್ರ ಕುರ್‌ಆನ್ ಬಹಳ ಕೆಳಗಿನಿಂದಲೇ ಲೆಕ್ಕ ಹಾಕಲು ಆರಂಭಿಸುತ್ತದೆ. ಬನೀ ಇಸ್ರಾಈಲ್ ಅಧ್ಯಾಯದ 23ನೇ ಸೂಕ್ತವು ಮುಪ್ಪಿಗೆ ತಲುಪಿದ ತಂದೆತಾಯಿಗಳೆದುರು ಬೇಸರದ ಒಂದು ಉಸಿರನ್ನೂ ನಿಷೇಧಿಸಿದೆ. ಆ ಸೂಕ್ತದಲ್ಲಿರುವ ಒಂದು ಚಿಕ್ಕ ಪದವನ್ನು ನಾವು ಗಮನಿಸುವುದೇ ಇಲ್ಲ: ‘ಇಂದಕ’, ಅಂದರೆ ನಿನ್ನ ಬಳಿ. ಮುಪ್ಪು ಬರಬೇಕಾದುದು ಮಕ್ಕಳ ಬಳಿಯಲ್ಲಿ. ಒಂದೇ ಸೂರಿನಡಿ ಇದ್ದರೂ ಹಿಂದಿನ ಕೋಣೆಯಲ್ಲಿ ಯಾರ ಬಳಿಯೂ ಇಲ್ಲದವರನ್ನು ಈ ಪದದೊಳಗೆ ಹೇಗೆ ಸೇರಿಸುವುದು?

ತಂದೆತಾಯಿಗಳ ಬಗ್ಗೆಯಾದರೂ ನಮ್ಮ ಪ್ರವಚನಗಳಲ್ಲಿ ಮಾತು ಬರುತ್ತದೆ. ಬುದ್ಧಿ ಬೆಳೆಯದ ತಮ್ಮ, ಗಂಡ ತೀರಿಕೊಂಡು ತವರಿಗೆ ಮರಳಿದ ಫೂಫಿ, ಪಾರ್ಶ್ವವಾಯುವಿನಿಂದ ಮಾತು ನಿಂತ ಚಾಚಾ, ಇವರ ವಿಷಯ ಯಾವ ಮಿಂಬರಿನಿಂದ ಕೇಳಿಬರುತ್ತದೆ? ಅನ್ನಿಸಾ ಅಧ್ಯಾಯದ ಐದನೇ ಸೂಕ್ತ ಇಂಥವರ ಸೊತ್ತಿನ ಕುರಿತಾಗಿದೆ. ವ್ಯವಹಾರ ತಿಳಿಯದವರ ಕೈಗೆ ಸೊತ್ತನ್ನು ಬಿಟ್ಟುಕೊಡಬಾರದು, ಆದರೆ ಅದರಲ್ಲಿ ಅವರಿಗೆ ಅನ್ನ ವಸ್ತ್ರ ಕೊಡಬೇಕು, ಅವರೊಡನೆ ಒಳ್ಳೆಯ ಮಾತಾಡಬೇಕು ಎಂಬುದು ಅಲ್ಲಿನ ಆಜ್ಞೆ. ನಮ್ಮಲ್ಲಿ ಅನೇಕರು ಈ ಆಜ್ಞೆಯ ಮೊದಲ ಭಾಗವನ್ನು ಮಾತ್ರ ಚಾಚೂ ತಪ್ಪದೆ ಪಾಲಿಸುತ್ತಾರೆ! ಇಲ್ಲಿ ‘ಅದರಿಂದ’ ಎನ್ನದೆ ‘ಅದರಲ್ಲಿ’ ಎಂಬ ಪದ ಬಳಕೆಯಾಗಿರುವುದನ್ನು ವ್ಯಾಖ್ಯಾನಕಾರರು ಎತ್ತಿ ತೋರಿಸಿದ್ದಾರೆ. ಮೂಲಧನ ಕರಗದಂತೆ ಬೆಳೆಸಿ, ಅದರ ಲಾಭದಲ್ಲಿ ಅವರನ್ನು ಸಾಕಬೇಕೆಂದು ಅವರು ಇದರಿಂದ ಅರ್ಥ ತೆಗೆದರು. ದುರ್ಬಲನ ಪಾಲು ಪೋಷಕನ ಕೈಯಲ್ಲಿರುವ ಅಮಾನತ್ತು. ಅಲ್ಬಕರ 282ನೇ ಸೂಕ್ತವೂ ಅಷ್ಟೆ: ಪತ್ರದ ಒಕ್ಕಣೆಯನ್ನು ತಾನೇ ಹೇಳಿ ಬರೆಸಲಾಗದ ದುರ್ಬಲನ ಪರವಾಗಿ ಅವನ ಪೋಷಕನು ನ್ಯಾಯವಾಗಿ ಹೇಳಿ ಬರೆಸಬೇಕು. ಪ್ರಜ್ಞೆ ಮಂಕಾದವರ ಹೆಬ್ಬೆಟ್ಟನ್ನು ಹಿಡಿದು ಒತ್ತಿಸುವವರು ಈ ಸೂಕ್ತವನ್ನು ಒಮ್ಮೆ ಓದಬೇಕು.

ಈ ಮಾತು ಹೇಳಲು ಕಾರಣವಿದೆ. 2025ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ವೈದ್ಯಕೀಯ ಶಿಕ್ಷಣ ಸಚಿವ ಡಾ. ಶರಣಪ್ರಕಾಶ ಪಾಟೀಲರು ಒಂದು ಸಂಗತಿಯನ್ನು ಬಹಿರಂಗಪಡಿಸಿದರು. ಬೆಳಗಾವಿಯ ಸರಕಾರಿ ವೈದ್ಯಕೀಯ ಸಂಸ್ಥೆಯೊಂದರಲ್ಲೇ 150ಕ್ಕೂ ಹೆಚ್ಚು ವೃದ್ಧರನ್ನು ಅವರ ಮಕ್ಕಳು ಚಿಕಿತ್ಸೆಯ ನೆಪದಲ್ಲಿ ತಂದು ಬಿಟ್ಟುಹೋಗಿದ್ದರು. ಹೀಗೆ ಕೈಬಿಟ್ಟವರ ಹೆಸರಿಗೆ ಆಗಿರುವ ಆಸ್ತಿ ವರ್ಗಾವಣೆಗಳನ್ನು ರದ್ದುಪಡಿಸಲು ಕ್ರಮ ಕೈಗೊಳ್ಳಬೇಕೆಂದು ಸಚಿವರು ಸೂಚಿಸಿದರು. ಇದಕ್ಕೆ ಆಧಾರವಾದ ಕಾನೂನು 2007ರಲ್ಲೇ ಬಂದಿದೆ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದಲ್ಲಿ ಹಿಂಪಡೆಯಬಹುದು. ಆದರೆ ಆ ಷರತ್ತು ಇತ್ತೆಂದು ಸಾಬೀತಾಗಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಹಿಬಾ ಮಾಡುವ ಹಿರಿಯರು ಬಾಯಿಮಾತಿಗೆ ಬಿಡದೆ ಆ ಷರತ್ತನ್ನು ಪತ್ರದಲ್ಲೇ ಬರೆಸುವುದು ಲೇಸು. ಮಗನ ಮೇಲೆ ಅಪನಂಬಿಕೆಯೇ ಎಂದು ಕೇಳುವವರಿಗೆ, ಪರಸ್ಪರ ಸಾಲವನ್ನೂ ಬರೆದಿಡಲು ಆಜ್ಞಾಪಿಸಿದ ಧರ್ಮ ನಮ್ಮದೆಂದು ಉತ್ತರಿಸಬಹುದು. ಇನ್ನು, ಒಬ್ಬ ಮಗನಿಗೆ ಮಾತ್ರ ಉಡುಗೊರೆ ಕೊಟ್ಟು ಸಾಕ್ಷಿಯಾಗಲು ಕೇಳಿದ ತಂದೆಯನ್ನು ಪ್ರವಾದಿ(ಸ) ತಿರುಗಿ ಕಳುಹಿಸಿದ್ದರೆಂಬುದನ್ನು ಆ ಹಿರಿಯರೂ ಮರೆಯಬಾರದು.

ಹಿರಿಯರನ್ನು ಕೈಬಿಟ್ಟವರಿಗೆ ಮೂರು ತಿಂಗಳ ಸಜೆ ಅಥವಾ ಐದು ಸಾವಿರ ರೂಪಾಯಿ ದಂಡ ಅಥವಾ ಎರಡನ್ನೂ ಈ ಕಾಯ್ದೆ ವಿಧಿಸಬಲ್ಲುದು. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಡಲು ವಕೀಲರ ಅಗತ್ಯವಿಲ್ಲ. 14567ಕ್ಕೆ ಫೋನ್ ಮಾಡಿದರೆ ಹಿರಿಯರಿಗೆ ನೆರವು, 14416ಕ್ಕೆ ಮಾಡಿದರೆ ಮಾನಸಿಕ ಆರೋಗ್ಯದ ಸಲಹೆ ಸಿಗುತ್ತದೆ. ಮನೆಯ ಮಾತು ಬೀದಿಗೆ ಬಂದರೆ ಇಜ್ಜತ್ ಹೋಗುತ್ತದೆ ಎನ್ನುವವರಿದ್ದಾರೆ. ಅಕ್ರಮಿಯ ಕೈ ಹಿಡಿದು ತಡೆಯುವುದನ್ನು ಪ್ರವಾದಿ(ಸ) ಅವನಿಗೆ ಮಾಡುವ ಸಹಾಯವೆಂದೇ ಕರೆದಿರುವಾಗ, ನಾವು ಕಾಯುತ್ತಿರುವುದು ಯಾರ ಇಜ್ಜತ್ತನ್ನು?

ಹೇಳಲು ನಾಲಿಗೆ ತಡೆಯುವ ಇನ್ನೊಂದು ಸಂಗತಿಯಿದೆ. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಎರ್ವಾಡಿಯಲ್ಲಿ, ದರ್ಗಾದ ಸಮೀಪ ಮಾನಸಿಕ ರೋಗಿಗಳನ್ನು ಇರಿಸಿಕೊಂಡಿದ್ದ ಆಶ್ರಯಧಾಮವೊಂದಕ್ಕೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಿಂದ ಬಿಗಿಯಲಾಗಿತ್ತು. ಓಡಲಾಗದೆ 28 ಮಂದಿ ಸತ್ತರು. ಅವರನ್ನು ಅಲ್ಲಿ ಬಿಟ್ಟುಬಂದ ಬಂಧುಗಳೆಲ್ಲ ಕ್ರೂರಿಗಳಾಗಿದ್ದರೆಂದು ನಾನು ಹೇಳಲಾರೆ. ದಣಿದವರು, ಬಡವರು, ಗುಣವಾದೀತೆಂದು ನಂಬಿದವರು ಅವರಲ್ಲಿದ್ದಿರಬೇಕು. ಆದರೆ ಪ್ರಜ್ಞೆ ಕಳೆದುಕೊಂಡವನ ಮೇಲಿಂದ ಅಲ್ಲಾಹನು ನಮಾಝಿನ ಹೊಣೆಯನ್ನೇ ಎತ್ತಿರುವಾಗ ಅವನ ಕಾಲಿಗೆ ಕಬ್ಬಿಣ ತೊಡಿಸುವ ಅಧಿಕಾರ ನಮಗೆಲ್ಲಿಂದ ಬಂತು? ಮಾನಸಿಕ ರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ದುಆ ಮಾಡಿಸೋಣ, ಜೊತೆಗೆ ವೈದ್ಯರ ಬಳಿಗೂ ಕರೆದೊಯ್ಯೋಣ. ರೋಗಕ್ಕೆ ಔಷಧಿ ಮಾಡಲು ಆಜ್ಞಾಪಿಸಿದವರೂ ಪ್ರವಾದಿವರ್ಯರೇ(ಸ).

ದಣಿವಿನ ಮಾತು ಬಂದುದರಿಂದ ಕಡಕೊಳದ ಆ ಮನೆಯ ಸೊಸೆಯ ಬಗ್ಗೆಯೂ ಹೇಳಬೇಕು. ಅತ್ತೆಮಾವಂದಿರ ಮಲಮೂತ್ರ ತೆಗೆಯುವುದು ಶರೀಅತ್ತಿನಲ್ಲಿ ಅವಳ ಮೇಲೆ ಕಡ್ಡಾಯವಲ್ಲ. ಆ ಹೊಣೆ ಮಗನದು. ಅವಳು ಮಾಡಿದರೆ ಅದು ಅವಳ ಔದಾರ್ಯ. ಜನ್ನತ್ತು ತಾಯಿಯ ಪಾದದಡಿಯಲ್ಲಿದೆ ಎನ್ನುತ್ತಾ ಆ ಪಾದ ತೊಳೆಯುವ ಕೆಲಸವನ್ನು ಹೆಂಡತಿಗೆ ಒಪ್ಪಿಸಿ, ಮೊಬೈಲು ಹಿಡಿದು ಕೂರುವ ಗಂಡಸರಿದ್ದಾರೆ. ಒಬ್ಬಳೇ ಹೊತ್ತ ಹೊರೆ ಒಂದು ದಿನ ಬೈಗುಳವಾಗಿ, ಇನ್ನೊಂದು ದಿನ ಏಟಾಗಿ ಆ ವೃದ್ಧರ ಮೇಲೆಯೇ ಬೀಳುತ್ತದೆ. ತಂಗಿಯರೂ ತಮ್ಮಂದಿರೂ ಸರದಿ ಹಾಕಿಕೊಳ್ಳಲಿ. ಬೇರೆ ಊರಿನಲ್ಲಿರುವವರು ಒಬ್ಬ ಕೆಲಸದವರ ಸಂಬಳವನ್ನಾದರೂ ಕಳುಹಿಸಲಿ. ಜಮಾಅತ್‌ನವರು ಹಗಲಿನ ಎರಡು ಗಂಟೆ ಆ ಮನೆಯಲ್ಲಿ ಕುಳಿತುಕೊಳ್ಳಲು ಯುವಕರನ್ನು ಗೊತ್ತುಮಾಡಿದರೆ ಚಿಲಕ ತಾನಾಗಿಯೇ ತೆರೆದುಕೊಳ್ಳುತ್ತದೆ. ಕೆಲಸದಾಕೆ ಅಥವಾ ನೆರೆಮನೆಯ ಅಜ್ಜ ಮುಸ್ಲಿಮರಲ್ಲದಿದ್ದರೂ ಅವರ ಹಕ್ಕು ಕಡಿಮೆಯಾಗುವುದಿಲ್ಲ.

ಅಬ್ದುಲ್ಲಾ ಬಿನ್ ಉಮ್ಮೆ ಮಕ್ತೂಮ್(ರ) ಕುರುಡರಾಗಿದ್ದರು. ಅವರ ಕಾರಣದಿಂದಲೇ ‘ಅಬಸ’ ಅಧ್ಯಾಯದ ಆರಂಭದ ಸೂಕ್ತಗಳು ಅವತೀರ್ಣವಾದವು. ಅವರನ್ನು ಯಾರೂ ಕೋಣೆಯಲ್ಲಿ ಕೂರಿಸಲಿಲ್ಲ. ಅವರು ಅದಾನ್ ಕೊಟ್ಟರು. ಪ್ರವಾದಿ(ಸ) ಮದೀನಾದಿಂದ ಹೊರಹೋದಾಗ ಜನರಿಗೆ ನಮಾಝಿನ ನೇತೃತ್ವ ನೀಡಿದರು.

ಬರುವ ಶುಕ್ರವಾರ ಜುಮಾ ಮುಗಿದ ಮೇಲೆ ನಿಮ್ಮ ಸಫ್‌ನಲ್ಲಿ ಕೆಲವು ತಿಂಗಳುಗಳಿಂದ ಕಾಣದ ಹಿರಿಯರು ಯಾರೆಂದು ನೆನಪಿಸಿಕೊಳ್ಳಿ. ಅವರ ಮನೆಗೆ ಹೋಗಿ. ಬಾಗಿಲಲ್ಲಿ ಮಗ ಎದುರಾಗಿ, “ಅಬ್ಬಾ ಆರಾಮಾಗಿದ್ದಾರೆ, ಮಲಗಿದ್ದಾರೆ” ಎಂದರೆ ಅಲ್ಲಿಂದಲೇ ಸಲಾಮ್ ಹೇಳಿ ಮರಳಬೇಡಿ. ಒಂದು ನಿಮಿಷ ಮುಖ ನೋಡಿ ಹೋಗುತ್ತೇನೆಂದು ವಿನಯದಿಂದಲೇ ಹೇಳಿ ಒಳಗೆ ಹೋಗಿ, ಅವರ ಪಕ್ಕದಲ್ಲಿ ಕುಳಿತು, ನೀರು ಬೇಕೇ ಎಂದು ಅವರನ್ನೇ ಕೇಳಿ.