ಕೊಟ್ಟದ್ದಲ್ಲ, ಕಟ್ಟಿದ್ದು

ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ವೇದಿಕೆ ಹತ್ತಿದವರಾರೂ ಒಂದು ಕ್ರಿಯಾಪದವನ್ನು ಬಿಡುವುದಿಲ್ಲ: ಕೊಟ್ಟರು. ಸಂವಿಧಾನ ಕೊಟ್ಟರು, ಓಟು ಕೊಟ್ಟರು, ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನದ 371(ಜೆ) ವಿಧಿ ಕೊಟ್ಟರು. ಕೊಟ್ಟವರು ಯಾರು ಎಂಬುದಕ್ಕಷ್ಟೇ ಪಕ್ಷಗಳ ಜಗಳ. ಕ್ರಿಯಾಪದದ ಬಗ್ಗೆ ಎಲ್ಲರದೂ ಒಮ್ಮತ. ಇದರ ಜೊತೆಗೆ ಇನ್ನೊಂದು ಮಾತೂ ಕಿವಿಗೆ ಬೀಳುತ್ತದೆ. ಸನ್ನತಿಯ ಅಶೋಕ ಶಾಸನವೇ ನಮ್ಮ ಮೊದಲ ಸಂವಿಧಾನವಂತೆ. ಅಮೆರಿಕದವರು 1787ರಲ್ಲಿ ಕಾಗದದ ಮೇಲೆ ಬರೆದದ್ದನ್ನು ನಾವು ಎರಡು ಸಾವಿರ ವರ್ಷ ಮೊದಲೇ ಕಲ್ಲಿನಲ್ಲಿ ಕೊರೆದಿದ್ದೆವಂತೆ. ಶಹಾಬಾದಿ ಕಲ್ಲು ಹಾಸಿದ ನೆಲದ ಮೇಲೆ ಅಂಬೆಗಾಲಿಟ್ಟು ಬೆಳೆದ ನಮಗೆ ಕಲ್ಲೆಂದರೆ ನಂಬಿಕೆ ತುಸು ಜಾಸ್ತಿ. ಆದರೆ ಕಲ್ಲಿನಲ್ಲಿ ಕೊರೆದದ್ದೆಲ್ಲ ಸಂವಿಧಾನವಲ್ಲ.

ಸನ್ನತಿ ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮೆಯ ದಡದಲ್ಲಿದೆ. ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ, ದೇವಿಯ ಪೀಠಕ್ಕೆ ಬಳಸಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಪ್ರಾಕೃತದ ಆ ಬರಹ ಅಶೋಕನದು. ಅಲ್ಲಿಯವರೆಗೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದ ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿವೆ. ಜನರೆಲ್ಲ ತನ್ನ ಮಕ್ಕಳು ಎನ್ನುವ ರಾಜನ ಮಾತು ಬರುವುದು ಈ ಪ್ರತ್ಯೇಕ ಶಾಸನಗಳಲ್ಲೇ. ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ ಎಂದು ಅಧಿಕಾರಿಗಳಿಗೆ ಎಚ್ಚರಿಕೆಯಿದೆ. ಅದು ನಡೆಯುತ್ತಿದೆಯೇ ಎಂದು ನೋಡಲು ಐದು ವರ್ಷಕ್ಕೊಮ್ಮೆ ತಪಾಸಣೆಗೆ ಜನ ಕಳಿಸುತ್ತೇನೆ ಎಂಬ ಮಾತೂ ಇದೆ.

ಇಂಥ ಮಾತನಾಡಿದ ದೊರೆಗಳು ಲೋಕದಲ್ಲಿ ಎಷ್ಟು ಮಂದಿ? ಆದರೂ ಕೇಳಬೇಕಾದ ಪ್ರಶ್ನೆ ಬೇರೆ: ಈ ಕಲ್ಲು ಯಾರ ಕೈ ಕಟ್ಟುತ್ತದೆ? ಅಧಿಕಾರಿಯ ಕೈ. ಕಟ್ಟುವವನು ರಾಜ. ರಾಜನೇ ತಪ್ಪಿದರೆ ಅವನ ಕೈ ಹಿಡಿಯುವವರು ಆ ಕಲ್ಲಿನಲ್ಲಿ ಎಲ್ಲೂ ಇಲ್ಲ. ಇರಲು ಸಾಧ್ಯವೂ ಇಲ್ಲ, ಏಕೆಂದರೆ ಅವನು ಅಪ್ಪ, ನಾವು ಮಕ್ಕಳು. (ಆಸ್ತಿಗಾಗಿ ಅಪ್ಪನ ಮೇಲೆ ದಾವೆ ಹೂಡುವವರಿದ್ದಾರೆ, ಆ ಮಾತು ಬೇರೆ.)

ಈ ಅಪ್ಪನ ವಾದವನ್ನು ಇಂಗ್ಲೆಂಡಿನಲ್ಲಿ ಶಾಸ್ತ್ರವಾಗಿಸಿದವನು ರಾಬರ್ಟ್ ಫಿಲ್ಮರ್. ನನಗೆ ಈ ಮನುಷ್ಯನನ್ನು ಕಂಡರಾಗದು. ಆದಿಮಾನವ ಆಡಮನಿಗೆ ತನ್ನ ಮಕ್ಕಳ ಮೇಲಿದ್ದ ಅಧಿಕಾರವೇ ರಾಜರಿಗೆ ಇಳಿದುಬಂದಿದೆ, ಆದ್ದರಿಂದ ರಾಜನಿಗೆ ಷರತ್ತು ಹಾಕುವುದು ಪಾಪ ಎಂದು ಅವನ ವಾದ. ಪುಸ್ತಕ ಅಚ್ಚಾದದ್ದು 1680ರಲ್ಲಿ, ಅವನು ಸತ್ತಮೇಲೆ. 1689ರಲ್ಲಿ ಜಾನ್ ಲಾಕ್ ಅದನ್ನು ಎಳೆ ಎಳೆಯಾಗಿ ಬಿಡಿಸಿಹಾಕಿದ. ಅಲ್ಲಿ ಸತ್ತ ಫಿಲ್ಮರ್ ನಮ್ಮ ಕಡೆ ‘ಮಾಯಿಬಾಪ್ ಸರ್ಕಾರ’ ಎಂಬ ಮಾತಿನಲ್ಲಿ ಗಟ್ಟಿಯಾಗಿದ್ದಾನೆ. ಅವನ ಒಂದು ಪ್ರಶ್ನೆ ಮಾತ್ರ ನ್ಯಾಯವಾದದ್ದು: ಜನ ಒಪ್ಪಿ ಸರ್ಕಾರ ಕಟ್ಟಿಕೊಂಡರು ಎನ್ನುತ್ತೀರಲ್ಲ, ಎಲ್ಲಿ ಸೇರಿದ್ದರು, ಯಾವಾಗ ಒಪ್ಪಿದರು? ಇದಕ್ಕೆ ಲಾಕ್ ಕೊಟ್ಟ ಉತ್ತರ ನನಗೆ ಸಪ್ಪೆ ಎನಿಸುತ್ತದೆ.

ಉತ್ತರ ಸಿಕ್ಕಿದ್ದು ಅಮೆರಿಕದ ಹಳ್ಳಿಗಳಲ್ಲಿ. ಬ್ರಿಟಿಷ್ ಪಾರ್ಲಿಮೆಂಟು 1765ರಲ್ಲಿ ಸ್ಟಾಂಪ್ ತೆರಿಗೆ ಹಾಕಿತು, ಗಲಾಟೆಯಾದ ಮೇಲೆ 1766ರಲ್ಲಿ ವಾಪಸು ತೆಗೆದುಕೊಂಡಿತು. ಆದರೆ ಅದರ ಜೊತೆಯಲ್ಲೇ ಇನ್ನೊಂದು ಕಾಯ್ದೆ ಮಾಡಿ, ವಸಾಹತುಗಳ ಮೇಲೆ ಬೇಕಾದ ಕಾನೂನು ಹೇರುವ ಹಕ್ಕು ತನಗೆ ಇದ್ದೇ ಇದೆ ಎಂದು ಸಾರಿತು. ಕೊಟ್ಟದ್ದರ ಗುಣವೇ ಇದು. ಕೊಟ್ಟ ಕೈ ಇನ್ನೂ ಚಾಚಿಕೊಂಡೇ ಇರುತ್ತದೆ.

ಈ ಪಾಠ ಕಲಿತವರಲ್ಲಿ ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಎಂಬ ಪುಟ್ಟ ಊರಿನವರೂ ಇದ್ದರು. 1776ರ ಅಕ್ಟೋಬರಿನಲ್ಲಿ ಊರಸಭೆ ಸೇರಿಸಿ ಅವರು ಹೇಳಿದ್ದು ಇಷ್ಟು: ಶಾಸನಸಭೆಯೇ ಸಂವಿಧಾನ ಬರೆದರೆ ನಾಳೆ ಅದೇ ಸಭೆ ಅದನ್ನು ತಿದ್ದಬಹುದು, ಹಾಗಾದರೆ ನಮಗೆ ರಕ್ಷಣೆ ಎಲ್ಲಿ? ಅದಕ್ಕೆಂದೇ ಬೇರೆ ಸಭೆ ಆಗಲಿ. 1778ರಲ್ಲಿ ಶಾಸನಸಭೆ ಬರೆದ ಕರಡನ್ನು ಆ ರಾಜ್ಯದ ಊರುಗಳು ತಿರಸ್ಕರಿಸಿದವು. ಪ್ರತ್ಯೇಕ ಸಭೆ ಬರೆದದ್ದು ಊರೂರಿಗೆ ಹೋಗಿ 1780ರಲ್ಲಿ ಜಾರಿಯಾಯಿತು. 1787ರ ಫಿಲಡೆಲ್ಫಿಯಾ ಕರಡೂ ರಾಜ್ಯ ರಾಜ್ಯದ ಪ್ರತ್ಯೇಕ ಸಭೆಗಳ ಒಪ್ಪಿಗೆ ಪಡೆದೇ ಜಾರಿಗೆ ಬಂತು. ಆ ಕರಡು ಪ್ರಾತಿನಿಧ್ಯದ ಲೆಕ್ಕಕ್ಕೆ ಐವರು ಗುಲಾಮರನ್ನು ಮೂವರೆಂದು ಎಣಿಸಿತ್ತು; ಆ ಕಳಂಕವನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಕಾಂಕರ್ಡಿನ ಪ್ರಶ್ನೆ ಅದರಿಂದ ಸುಳ್ಳಾಗುವುದಿಲ್ಲ. ಸರ್ಕಾರ ಮಾಡುವುದು ಕಾನೂನು. ಸರ್ಕಾರವನ್ನೇ ಮಾಡುವುದು ಸಂವಿಧಾನ. ನಮ್ಮ ಭಾಷೆಯಲ್ಲಿ ಕಟ್ಟುವುದು ಎಂದರೆ ನಿರ್ಮಿಸುವುದೂ ಹೌದು, ಬಿಗಿಯುವುದೂ ಹೌದು. ಈ ಎರಡೂ ಅರ್ಥ ಒಟ್ಟಿಗೆ ಬೇಕಾಗುವುದು ಇಲ್ಲಿಯೇ.

ನಮ್ಮ ಭಾಗದವರು ಇಲ್ಲಿ ನನ್ನನ್ನು ಹಿಡಿಯಬಹುದು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ, 1949ರ ನವೆಂಬರ್ 23ರಂದು, ಭಾರತದ ಸಂವಿಧಾನವೇ ಹೈದರಾಬಾದ್ ಸಂಸ್ಥಾನದ ಸಂವಿಧಾನ ಎಂದು ಫರ್ಮಾನು ಹೊರಡಿಸಿದವರು ನಿಜಾಮರೇ ಅಲ್ಲವೇ? ಹೌದು. ಸೇಡಂ, ಶಹಾಬಾದ್, ವಾಡಿಗೆ ಸಂವಿಧಾನ ಬಂದದ್ದು ದೊರೆಯ ಅಪ್ಪಣೆಯ ಬಾಗಿಲಿನಿಂದ. ಆದರೆ ಬಂದಮೇಲೆ ಬಾಗಿಲು ಅವರ ಕೈಯಲ್ಲಿ ಉಳಿಯಲಿಲ್ಲ. 1950ರ ಜನವರಿ 26ರಿಂದ ಅವರು ಅದೇ ಸಂವಿಧಾನದಡಿ ರಾಜ್ಯಪಾಲರಂಥ ಹುದ್ದೆಯ ರಾಜಪ್ರಮುಖರು. 1956ರಲ್ಲಿ ತಿದ್ದುಪಡಿಯಾಗಿ ಆ ಹುದ್ದೆಯೇ ಹೋಯಿತು. ಅಶೋಕನ ಮಾತನ್ನು ಅಶೋಕ ಹಿಂದೆ ತೆಗೆದುಕೊಳ್ಳಬಹುದಿತ್ತು. ನಿಜಾಮರು ಆ ಫರ್ಮಾನನ್ನು ಹಿಂದೆ ತೆಗೆದುಕೊಳ್ಳುವಂತಿರಲಿಲ್ಲ.

371(ಜೆ) ವಿಧಿಗೂ ಇದೇ ಅಳತೆಗೋಲು. 98ನೇ ತಿದ್ದುಪಡಿಯಿಂದ ಬಂದ ಅದನ್ನು ತೆಗೆಯಬೇಕಾದರೆ ಇನ್ನೊಂದು ತಿದ್ದುಪಡಿಯೇ ಆಗಬೇಕು, ಯಾವ ಮಂತ್ರಿಯ ಮುನಿಸೂ ಸಾಲದು. ಅದರಡಿ ಮೀಸಲಾತಿಗೆ ಬೇಕಾದ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಪಡೆಯಬೇಕು. ಅರ್ಜಿಯ ಕೊನೆಗೆ ‘ದಯಪಾಲಿಸಬೇಕಾಗಿ ಪ್ರಾರ್ಥನೆ’ ಎಂದು ಬರೆಯುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಈ ಸಲ ಆ ಸಾಲು ಬಿಟ್ಟು, ಹೆಸರು, ಊರು, ಸಹಿ ಅಷ್ಟೇ ಹಾಕಿ ಕೊಡಿ.