ಕಳ್ಳನಿಗೊಂದು ಕ್ಲಾಸ್, ಕಳಕೊಂಡವರಿಗೆ?

ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುವಾಗ ಯೋಧ, ಮಾಂತ್ರಿಕ, ಪೂಜಾರಿ ಇಷ್ಟು ಜನರ ಮಧ್ಯೆ ನನಗೆ ಯಾವಾಗಲೂ ಕಳ್ಳನೇ ಬೇಕು. ನಮ್ಮೂರು ಗುಂಡ್ಲುಪೇಟೆ. "ವೀರಪ್ಪನ್ ಜಿಲ್ಲೆಯವನಲ್ವಾ, ಇನ್ನೇನು ತಗೋತಾನೆ" ಅಂತ ಬೆಂಗಳೂರಿನ ಗೆಳೆಯರು ರೇಗಿಸ್ತಾರೆ. ತಮಾಷೆ ಬಿಡಿ, ಪ್ರಶ್ನೆ ಮಾತ್ರ ನಿಜವಾದದ್ದು: ನಮ್ಮನೆಗೆ ನುಗ್ಗಿದರೆ ಹಿಡಿದು ಬಡಿಯುವಂಥವನು ಆಟದಲ್ಲಿ ಯಾಕೆ ಇಷ್ಟವಾಗ್ತಾನೆ?

ಆಟ ಹುಟ್ಟಿದ್ದು 1974ರಲ್ಲಿ. ಕಳ್ಳ ಅದಕ್ಕೆ ಸೇರಿದ್ದು ಮರುವರ್ಷ, 'ಗ್ರೇಹಾಕ್' ಅನ್ನೋ ಪುರವಣಿಯಲ್ಲಿ. ಅವನಿಗೆ ಕೊಟ್ಟ ವಿದ್ಯೆಗಳನ್ನು ನೋಡಿ: ಬೀಗ ತೆಗೆಯೋದು, ಬೋನು ಕಳಚೋದು, ಸದ್ದಿಲ್ಲದೆ ನಡೆಯೋದು, ನೆರಳಲ್ಲಿ ಅಡಗೋದು, ಸದ್ದು ಆಲಿಸೋದು, ಗೋಡೆ ಹತ್ತೋದು, ಜೇಬಿಗೆ ಕೈ ಹಾಕೋದು. ಕೊನೆಯದೊಂದನ್ನು ಬಿಟ್ಟರೆ ಯಾವುದೂ ತಾನಾಗಿಯೇ ಕಳ್ಳತನವಲ್ಲ. ಬಂಡೀಪುರದ ಫಾರೆಸ್ಟ್ ವಾಚರ್‌ಗೂ ಇದೇ ಬೇಕು. ತರಗೆಲೆ ಮೇಲೆ ಸದ್ದಾಗದಂತೆ ಹೆಜ್ಜೆ ಇಡಬೇಕು, ಪೊದೆಯಲ್ಲಿ ಕಾಣದಂತೆ ಕೂರಬೇಕು, ದೂರದ ಕೊಡಲಿ ಸದ್ದಿಗೆ ಕಿವಿ ಕೊಡಬೇಕು, ಉರುಳು ಬಿಚ್ಚಬೇಕು. ಕಾಯೋನದೂ ಕದಿಯೋನದೂ ಒಂದೇ ಕ್ಯಾರೆಕ್ಟರ್ ಶೀಟ್! ಅಂದರೆ ನಾವು ಮೆಚ್ಚೋದು ಕೈಚಳಕವನ್ನ, ಕಳ್ಳತನವನ್ನಲ್ಲ. ಇಲ್ಲಿವರೆಗೂ ತಕರಾರಿಲ್ಲ.

2000ದ ಆಗಸ್ಟಿನಲ್ಲಿ ಬಂದ ಮೂರನೇ ಆವೃತ್ತಿ 'ಥೀಫ್' ಕ್ಲಾಸನ್ನು 'ರೋಗ್' ಮಾಡ್ತು. ಚಳಕ ಉಳೀತು, ಕಳ್ಳತನ ಹೆಸರಿನಿಂದ ಜಾರಿಕೊಂಡ್ತು. ಅದೇ ಆಗಸ್ಟಿನಲ್ಲಿ ನಮ್ಮ ಕಡೆ ಏನಾಗ್ತಿತ್ತು? 1973ರ 'ಗಂಧದ ಗುಡಿ'ಯಲ್ಲಿ ಅರಣ್ಯಾಧಿಕಾರಿಯಾಗಿದ್ದ ರಾಜ್‌ಕುಮಾರ್, ಚಾಮರಾಜನಗರದ ಗಡಿಯಾಚೆಯ ಗಾಜನೂರಿನ ಮನೆಯಿಂದ ಅಪಹರಣವಾಗಿ ಗಂಧದ ಕಳ್ಳನ ಕೈಯಲ್ಲಿದ್ದರು. ಒಟ್ಟು 108 ದಿನ.

ಆಟದಲ್ಲಿ ನಿಧಿ ಇರೋದು ಡ್ರಾಗನ್ ಹತ್ತಿರ, ಇಲ್ಲಾ ಸತ್ತ ರಾಜನ ಗೋರಿಯಲ್ಲಿ. ಕಳಕೊಂಡವರಿಗೆ ಕ್ಲಾಸೂ ಇಲ್ಲ, ಶೀಟೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಅವರಿಗೆ ಹೆಸರಿದೆ. ಗೋಪಿನಾಥಂನಲ್ಲಿ ಮಾರಮ್ಮನ ಗುಡಿ ಕಟ್ಟಿಸಿದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, ವೀರಪ್ಪನ್ ಶರಣಾಗ್ತಾನೆ ಅಂತ ನಂಬಿ ಬರಿಗೈಲಿ ಹೋಗಿ 1991ರ ನವೆಂಬರ್ 10ರಂದು ಕೊಲೆಯಾದರು. 2002ರಲ್ಲಿ ಕಾಮಗೆರೆಯಿಂದ ಎಳೆದೊಯ್ದ ಮಾಜಿ ಸಚಿವ ಎಚ್. ನಾಗಪ್ಪ ಹೆಣವಾಗಿ ಸಿಕ್ಕರು. ದಂತಕ್ಕಾಗಿ ಸತ್ತ ಸಲಗಗಳಿಗೆ ಹೆಸರೂ ಇಲ್ಲ.

ಇಷ್ಟಾದರೂ ಟೀ ಅಂಗಡಿಯಲ್ಲಿ "ಏನೇ ಹೇಳಿ, ಮೂರು ರಾಜ್ಯದ ಪೊಲೀಸರಿಗೆ ನೀರು ಕುಡಿಸಿದ" ಅನ್ನೋರು ಸಿಗ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಅದು ಕ್ಯಾರೆಕ್ಟರ್ ಶೀಟ್ ಮಾತ್ರ ಓದಿ, ಉಳಿದ ಕಥೆ ಮುಚ್ಚಿಟ್ಟ ಮೆಚ್ಚುಗೆ.

ಹಾಗಂತ ಕಳ್ಳನ ಪಾತ್ರ ಆಡೋದು ತಪ್ಪು ಅಂತ ನನಗನಿಸೋದಿಲ್ಲ. ದಾಳ ಉರುಳಿಸಿ ಯಾರೂ ಕಳ್ಳರಾಗಲ್ಲ. ನಾನು ಮಾಡ್ಕೊಂಡಿರೋದು ಒಂದೇ ನಿಯಮ: ಪೆಟ್ಟಿಗೆಯ ಬೀಗಕ್ಕೆ ಕೈ ಹಾಕೋ ಮುಂಚೆ, ಆಟ ನಡೆಸೋರನ್ನ "ಇದು ಯಾರದು?" ಅಂತ ಕೇಳ್ತೀನಿ. ಉತ್ತರ ಹುಡುಕೋಕೆ ಅವರಿಗೆ ಎರಡು ನಿಮಿಷ ಬೇಕಾಗುತ್ತೆ. ಒಬ್ಬ ವಿಧವೆಯದ್ದು ಅಂತಾನೋ, ಊರಿನ ಜಾತ್ರೆ ದುಡ್ಡು ಅಂತಾನೋ ಹೇಳ್ತಾರೆ. ಆಮೇಲೂ ಕೆಲವು ಸಲ ತೆಗೀತೀನಿ. ಆದರೆ ಆಗ ಅದರ ಹೆಸರು ಕಳ್ಳತನ ಅಂತಲೇ ಇರುತ್ತೆ.